ಗೆರೆ ತುಳಿದರೆ ಔಟೇ? ಸಾಫ್ಟ್‌ಬಾಲ್ ಬ್ಯಾಟರ್ ನಿಲ್ಲುವ ಜಾಗದ ನಿಯಮ

ಪ್ರಶ್ನೆ: ನಾನು ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ದೈಹಿಕ ಶಿಕ್ಷಣ ಶಿಕ್ಷಕ. ನಾಲ್ಕು ವರ್ಷಗಳಿಂದ ಹುಡುಗಿಯರ ಸಾಫ್ಟ್‌ಬಾಲ್ ತಂಡವನ್ನು ಸಿದ್ಧಪಡಿಸುತ್ತಿದ್ದೇನೆ. ನಮ್ಮ ಆಟಗಾರ್ತಿಯೊಬ್ಬಳು ಎಡಬದಿಯಿಂದ ಬ್ಯಾಟ್ ಮಾಡುತ್ತಾಳೆ. ಓಡುತ್ತಲೇ ಚೆಂಡನ್ನು ತಟ್ಟುವ ಸ್ಲ್ಯಾಪ್ ಹೊಡೆತ ಅವಳ ಕೈಗೆ ಚೆನ್ನಾಗಿ ಕುಳಿತಿದೆ. ಈಚಿನ ಪಂದ್ಯವೊಂದರಲ್ಲಿ ನಾವು ಒಂದು ರನ್ ಹಿಂದಿದ್ದೆವು. ಕೊನೆಯ ಇನ್ನಿಂಗ್ಸ್, ಇಬ್ಬರು ಔಟ್, ಮೂರನೇ ಬೇಸ್‌ನಲ್ಲಿ ನಮ್ಮ ಓಟಗಾರ್ತಿ. ಇವಳು ತಟ್ಟಿದ ಚೆಂಡು ಮೈದಾನದೊಳಗೇ ಉರುಳಿತು, ಓಟಗಾರ್ತಿ ಹೋಂ ಪ್ಲೇಟ್ (ಬ್ಯಾಟರ್ ಪಕ್ಕದ ನೆಲಫಲಕ, ಓಟ ಮುಗಿಯುವ ಜಾಗ) ಮುಟ್ಟಿದಳು, ಇವಳೂ ಮೊದಲ ಬೇಸ್ ತಲುಪಿದಳು. ಅಷ್ಟರಲ್ಲಿ ಅಂಪೈರ್ ಕೈ ಎತ್ತಿ, ‘ಗೆರೆ ತುಳಿದಿದ್ದಾಳೆ, ಔಟ್’ ಎಂದರು. ರನ್ ಹೋಯಿತು, ಪಂದ್ಯವೂ ಹೋಯಿತು. ಅವಳ ಹಿಮ್ಮಡಿ ಬ್ಯಾಟರ್ ಬಾಕ್ಸ್‌ನ (ಬ್ಯಾಟರ್ ನಿಲ್ಲಲು ಎಳೆದ ಆಯತದ) ಮುಂದಿನ ಗೆರೆಯ ಮೇಲಿದ್ದುದನ್ನು ನಾನೇ ನೋಡಿದ್ದೇನೆ. ಅದೇ ಪಂದ್ಯದಲ್ಲಿ ಎದುರಾಳಿ ಬ್ಯಾಟರ್ ಪೂರ್ತಿ ಹೊರಗೆ ಕಾಲಿಟ್ಟು ಬೀಸಿ ತಪ್ಪಿದಾಗ ಬರೀ ಸ್ಟ್ರೈಕ್, ಅಂದರೆ ವ್ಯರ್ಥವಾದ ಒಂದು ಅವಕಾಶ, ಕೊಟ್ಟರು. ಇನ್ನೊಮ್ಮೆ ನಮ್ಮವಳು ಬ್ಯಾಟ್ ಬೀಸದೆ ನಿಂತಿದ್ದಾಗ ಚೆಂಡು ಬೆರಳಿಗೆ ಬಡಿದರೆ, ‘ಕೈ ಬ್ಯಾಟಿನ ಭಾಗ’ ಎಂದು ಮೊದಲ ಬೇಸ್ ಕೊಡಲಿಲ್ಲ. ಅಂದಿನಿಂದ ಆ ಹುಡುಗಿ ಅಭ್ಯಾಸಕ್ಕೆ ಬಂದಿಲ್ಲ. ಮುಂದಿನ ಸಲ ಗೆರೆಯನ್ನು ಕಾಲಿನಿಂದ ಉಜ್ಜಿಬಿಡಲು ಹೇಳಿ ಎಂದು ಪರಿಚಿತರೊಬ್ಬರು ಸಲಹೆ ಕೊಟ್ಟರು. ಅವಳನ್ನು ಬಲಬದಿಗೆ ಬದಲಿಸಿಬಿಡಲೇ ಎಂಬ ಯೋಚನೆಯೂ ಬರುತ್ತಿದೆ. ದಯವಿಟ್ಟು ತಿಳಿಸಿ.

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನಾನು ಆ ಪಂದ್ಯ ನೋಡಿಲ್ಲ. ಹಾಗಾಗಿ ಆ ಹುಡುಗಿಯ ಪಾದ ಎಲ್ಲಿತ್ತು ಎಂದು ನಾನು ಹೇಳುವಂತಿಲ್ಲ. ಆದರೆ ನೀವು ಬರೆದ ಒಂದು ಮಾತಿನ ಬಗ್ಗೆ ಖಚಿತವಾಗಿ ಹೇಳಬಲ್ಲೆ. ಅಂಪೈರ್ ಕೊಟ್ಟ ಕಾರಣ ನಿಜವಾಗಿಯೂ ‘ಗೆರೆ ತುಳಿದಿದ್ದಾಳೆ’ ಎಂಬುದೇ ಆಗಿದ್ದರೆ, ಅವರು ಸಾಫ್ಟ್‌ಬಾಲ್ ನಿಯಮಾವಳಿಯಲ್ಲಿ ಇಲ್ಲದ ಕಾರಣಕ್ಕೆ ಔಟ್ ಕೊಟ್ಟಿದ್ದಾರೆ. ‘ಇಡೀ ಪಾದ ಗೆರೆಯ ಆಚೆ ನೆಲದ ಮೇಲಿತ್ತು’ ಎಂದಿದ್ದರೆ ಮಾತು ಬೇರೆ. ಕಿವಿಗೆ ಎರಡೂ ಒಂದೇ ಎನಿಸಬಹುದು, ಆದರೆ ನಿಮ್ಮ ದೂರಿನ ಹಣೆಬರಹ ಈ ಎರಡರ ನಡುವಿನ ವ್ಯತ್ಯಾಸದಲ್ಲಿದೆ.

ಗೆರೆ ತುಳಿದರೆ ಔಟ್ ಎಂಬುದು ನಮ್ಮ ಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅಂಗಳದಲ್ಲಿ ಕುಂಟೆಬಿಲ್ಲೆ ಆಡಿ ಬೆಳೆದವರ ಅಂಗಾಲಿಗೇ ಅದು ಗೊತ್ತು. ಆಮೇಲೆ ಬರುವ ಕ್ರಿಕೆಟ್ ಇದೇ ನಂಬಿಕೆಯನ್ನು ಗಟ್ಟಿ ಮಾಡುತ್ತದೆ. ಅಲ್ಲಿ ಬ್ಯಾಟಾಗಲಿ ಕಾಲಾಗಲಿ ಕ್ರೀಸಿನ ಗೆರೆಯ ಮೇಲಿದ್ದರೆ ಸಾಲದು, ಗೆರೆಯ ಹಿಂದೆ ನೆಲ ಮುಟ್ಟಿರಬೇಕು. ಗೆರೆಯ ಮೇಲಿದ್ದವರು ಸ್ಟಂಪ್ ಔಟ್. ನಮ್ಮಲ್ಲಿ ಸಾಫ್ಟ್‌ಬಾಲ್ ಅಂಪೈರ್ ಆಗುವವರಲ್ಲಿ ಹೆಚ್ಚಿನವರು ಈ ಎರಡು ಆಟಗಳನ್ನು ಆಡಿ ಬಂದವರೇ, ನಾನೂ ಹಾಗೆಯೇ ಬಂದವನು. ಸಾಫ್ಟ್‌ಬಾಲ್‌ನಲ್ಲಿ ಮಾತ್ರ ಬ್ಯಾಟರ್ ಬಾಕ್ಸ್‌ನ ಗೆರೆ ಬಾಕ್ಸ್‌ನ ಒಳಗಿನದು, ಅದು ಬ್ಯಾಟರ್‌ಗೆ ಸೇರಿದ ನೆಲ. ಗೆರೆಯ ಮೇಲೆ ನಿಂತವಳು ತನ್ನ ಮನೆಯೊಳಗೇ ನಿಂತಿದ್ದಾಳೆ.

ಈಗ ನಿಯಮಕ್ಕೆ ಬರೋಣ. ನಾನು ಇಲ್ಲಿ ಹೇಳುತ್ತಿರುವುದು ವರ್ಲ್ಡ್ ಬೇಸ್‌ಬಾಲ್ ಸಾಫ್ಟ್‌ಬಾಲ್ ಕಾನ್ಫೆಡರೇಷನ್‌ನ ಫಾಸ್ಟ್‌ಪಿಚ್ ನಿಯಮಗಳ ಆಧಾರದ ಮೇಲೆ. ಬ್ಯಾಟರ್‌ನ ಪಾದವನ್ನು ಅಳೆಯಲು ಅಲ್ಲಿ ಒಂದೇ ಅಳತೆಗೋಲಿಲ್ಲ, ಮೂರಿವೆ. ಅವು ಒಂದಕ್ಕಿಂತ ಒಂದು ಭಿನ್ನ. ಗೊಂದಲವೆಲ್ಲ ಹುಟ್ಟುವುದು ಒಂದರ ಜಾಗದಲ್ಲಿ ಇನ್ನೊಂದನ್ನು ಹಿಡಿದಾಗ.

ಮೊದಲನೆಯದು ಪಿಚ್, ಅಂದರೆ ಪಿಚರ್‌ನ ಎಸೆತ, ಶುರುವಾಗುವ ಮುಂಚಿನದು, ಬಹಳ ಬಿಗಿಯಾದುದು. ಎರಡೂ ಪಾದಗಳು ಪೂರ್ತಿಯಾಗಿ ಬಾಕ್ಸ್‌ನ ಒಳಗಿರಬೇಕು. ಗೆರೆಯನ್ನು ಮುಟ್ಟಬಹುದು, ಆದರೆ ಗೆರೆಯ ಹೊರ ಅಂಚನ್ನು ದಾಟಿ ಬೆರಳ ತುದಿಯೂ ಚಾಚಿಕೊಂಡಿರಬಾರದು. ಚಾಚಿಕೊಂಡಿದ್ದರೆ ಔಟ್ ಕೊಡುವುದಿಲ್ಲ. ಅಂಪೈರ್ ಆಟ ತಡೆದು ಸರಿಯಾಗಿ ನಿಲ್ಲಲು ಹೇಳುತ್ತಾರೆ, ಅಷ್ಟೆ.

ಎರಡನೆಯದು ಬ್ಯಾಟು ಚೆಂಡಿಗೆ ತಗುಲುವ ಕ್ಷಣದ್ದು. ಇಲ್ಲಿ ನಿಯಮ ಸಡಿಲಾಗುತ್ತದೆ. ಔಟ್ ಕೊಡಬೇಕಾದರೆ ಆ ಕ್ಷಣದಲ್ಲಿ ಒಂದು ಪಾದವಾದರೂ ಪೂರ್ತಿಯಾಗಿ ಗೆರೆಯ ಆಚೆಗಿರಬೇಕು ಮತ್ತು ಆ ಪಾದ ನೆಲವನ್ನು ಮುಟ್ಟಿರಬೇಕು. ಎರಡೂ ಸೇರಿದರೆ ಮಾತ್ರ ಔಟ್. ಪಾದದ ಮುಕ್ಕಾಲು ಭಾಗ ಹೊರಗಿದ್ದು ಹಿಮ್ಮಡಿಯಷ್ಟೇ ಗೆರೆಯ ಮೇಲಿದ್ದರೂ ಬ್ಯಾಟರ್ ಸುರಕ್ಷಿತ. ಇಡೀ ಪಾದ ಗೆರೆಯಾಚೆ ಗಾಳಿಯಲ್ಲಿದ್ದು ಇನ್ನೂ ನೆಲಕ್ಕೆ ಇಳಿಯದಿದ್ದರೂ ಸುರಕ್ಷಿತ. ಚೆಂಡು ತಗುಲಿದ ಮರುಗಳಿಗೆಯಲ್ಲಿ ಆ ಪಾದ ಹೊರಗೆ ಬಿದ್ದರೆ ಅದು ಓಟದ ಮೊದಲ ಹೆಜ್ಜೆ, ತಪ್ಪಲ್ಲ.

ಮೂರನೆಯದು ಹೋಂ ಪ್ಲೇಟಿನದು. ಇಲ್ಲಿ ಮತ್ತೆ ಬಿಗಿ. ಚೆಂಡು ಬ್ಯಾಟಿಗೆ ತಗುಲುವಾಗ ಪಾದದ ಯಾವ ಭಾಗ ಪ್ಲೇಟನ್ನು ಮುಟ್ಟಿದ್ದರೂ ಔಟ್. ‘ಪೂರ್ತಿ’ ಎಂಬ ಮಾತು ಇಲ್ಲಿಲ್ಲ. ಹಿಮ್ಮಡಿ ಒಳಗೆ ಗೆರೆಯ ಮೇಲೇ ಇದ್ದು ಬೆರಳು ಪ್ಲೇಟಿನ ಅಂಚಿಗೆ ಸೋಕಿದ್ದರೂ ವಿನಾಯಿತಿ ಇಲ್ಲ.

ನಿಮ್ಮ ವಿದ್ಯಾರ್ಥಿನಿಯ ವಿಷಯದಲ್ಲಿ ಬೇಕಾದದ್ದು ಎರಡನೆಯ ಅಳತೆ. ನೀವು ಕಂಡಂತೆ ಚೆಂಡು ತಗುಲುವಾಗ ಹಿಮ್ಮಡಿ ಗೆರೆಯ ಮೇಲಿದ್ದರೆ ಅವಳು ಔಟಲ್ಲ. ಆದರೆ ನೀವು ಎಲ್ಲಿ ನಿಂತಿದ್ದಿರಿ? ಮೂರನೇ ಬೇಸ್ ಹತ್ತಿರದ ಕೋಚ್ ಜಾಗದಿಂದ ನೋಡಿದ್ದರೆ ಮುಂದಿನ ಗೆರೆಗೂ ಹಿಮ್ಮಡಿಗೂ ನಡುವೆ ಎರಡು ಬೆರಳಿನ ಸಂದಿಯನ್ನು ಗುರುತಿಸುವುದು ಕಷ್ಟ. ನಿಮ್ಮ ಮಾತನ್ನು ನಂಬುವುದಿಲ್ಲವೆಂದು ಇದನ್ನು ಹೇಳುತ್ತಿಲ್ಲ. ಪ್ರೊಟೆಸ್ಟ್ ಮಾಡಲು, ಅಂದರೆ ತೀರ್ಪಿನ ವಿರುದ್ಧ ದೂರು ದಾಖಲಿಸಲು, ಹೊರಟರೆ ಎದುರಿನವರು ಕೇಳುವ ಮೊದಲ ಪ್ರಶ್ನೆ ಇದೇ ಆಗಿರುತ್ತದೆ.

ಇನ್ನು ಎದುರಾಳಿ ಬ್ಯಾಟರ್‌ಗೆ ಬರೀ ಸ್ಟ್ರೈಕ್ ಕೊಟ್ಟ ವಿಚಾರ. ಅಲ್ಲಿ ಅಂಪೈರ್ ಮಾಡಿದ್ದು ಸರಿ. ನಿಯಮ ದಂಡಿಸುವುದು ಹೊರಗೆ ಕಾಲಿಟ್ಟದ್ದನ್ನಲ್ಲ, ಹೊರಗೆ ಕಾಲಿಟ್ಟು ಚೆಂಡನ್ನು ಹೊಡೆದದ್ದನ್ನು. ಬೀಸಿ ತಪ್ಪಿದರೆ ಅದು ಎಲ್ಲ ಸ್ಟ್ರೈಕ್‌ಗಳಂತೆ ಒಂದು ಸ್ಟ್ರೈಕ್. ಆಟ ನಿಲ್ಲುವುದಿಲ್ಲ, ಬೇಸ್ ಮೇಲಿರುವವರು ಮುಂದಕ್ಕೂ ಓಡಬಹುದು. ಕ್ರಿಕೆಟ್ ಕಣ್ಣಿಗೆ ಇದು ತಲೆಕೆಳಗಾಗಿ ಕಾಣುತ್ತದೆ. ಅಲ್ಲಿ ಹೆಜ್ಜೆ ಮುಂದಿಟ್ಟು ಕ್ರೀಸ್ ಬಿಟ್ಟು ಹೋದವನು ಚೆಂಡನ್ನು ತಾಗಿಸಿದರೆ ಬದುಕಿದ, ತಪ್ಪಿದರೆ ಕೆಟ್ಟ. ಸಾಫ್ಟ್‌ಬಾಲ್‌ನಲ್ಲಿ ಬಾಕ್ಸ್ ಬಿಟ್ಟು ಹೋದವಳು ತಪ್ಪಿದರೆ ಬದುಕಿದಳು, ತಾಗಿಸಿದರೆ ಕೆಟ್ಟಳು. ಕ್ರಿಕೆಟ್ಟಿನಿಂದ ಬಂದ ಮಕ್ಕಳಿಗೆ ಮೊದಲ ವಾರದಲ್ಲೇ ಈ ಮಾತನ್ನು ಬಾಯಿಪಾಠ ಮಾಡಿಸಿ ಎಂದು ನಾನು ಎಲ್ಲ ತರಬೇತುದಾರರಿಗೂ ಹೇಳುತ್ತೇನೆ. ತಾಗಿದ ಚೆಂಡು ಫೌಲ್ ಆದರೂ (ಆಟದ ಗಡಿಗೆರೆಯ ಹೊರಗೆ ಹೋದರೂ) ಔಟೇ ಎಂಬುದನ್ನೂ ಸೇರಿಸಿ ಹೇಳಬೇಕು. ಬ್ಯಾಟು ಬೀಸದೆ ಚೆಂಡನ್ನು ಮೆಲ್ಲನೆ ತಟ್ಟುವ ಬಂಟ್‌ಗೂ ಇದೇ ನಿಯಮ.

ರನ್ ಏಕೆ ಹೋಯಿತು ಎಂದು ನೀವು ಕೇಳಿಲ್ಲ, ಆದರೆ ಮಕ್ಕಳು ಕೇಳಿಯೇ ಇರುತ್ತಾರೆ. ಬ್ಯಾಟರ್ ಹೊರಗಿನಿಂದ ಹೊಡೆದಳು ಎಂದು ತೀರ್ಪಾದ ಕೂಡಲೇ ಚೆಂಡು ಸತ್ತಂತೆ, ಅಂದರೆ ಡೆಡ್ ಬಾಲ್. ಓಟಗಾರ್ತಿಯರೆಲ್ಲ ಪಿಚ್ ಹೊತ್ತಿನಲ್ಲಿ ಇದ್ದ ಬೇಸ್‌ಗೆ ಮರಳಬೇಕು. ಇಬ್ಬರು ಔಟಾಗಿದ್ದರೆ ಅಲ್ಲಿಗೆ ಇನ್ನಿಂಗ್ಸೇ ಮುಗಿಯಿತು. ತೀರ್ಪು ಸರಿಯಿದ್ದರೆ ರನ್ ಹೋದದ್ದೂ ಸರಿ.

ಇಷ್ಟೆಲ್ಲ ಕಟ್ಟುಪಾಡು ಯಾಕೆ ಬೇಕು? ಸ್ಲ್ಯಾಪ್ ಹೊಡೆತವನ್ನೇ ನೋಡಿ. ಎರಡು ಬೇಸ್‌ಗಳ ನಡುವೆ 60 ಅಡಿ, ಅಂದರೆ 18.29 ಮೀಟರ್. ಎಡಬದಿಯ ಬಾಕ್ಸ್ ಇರುವುದೇ ಮೊದಲ ಬೇಸ್ ಕಡೆಗೆ. ಅಲ್ಲಿಂದ ಓಡುತ್ತಲೇ ತಟ್ಟುವವಳಿಗೆ ಒಂದೆರಡು ಹೆಜ್ಜೆ ಹತ್ತಿರದ ದಾರಿ ಸಿಗುತ್ತದೆ, ಮೈಗೆ ಆಗಲೇ ಬಂದ ವೇಗವೂ ಸಿಗುತ್ತದೆ. ಮಹಿಳೆಯರ ಪಂದ್ಯದಲ್ಲಿ ಪಿಚರ್ ಪ್ಲೇಟಿನಿಂದ ಹೋಂ ಪ್ಲೇಟಿಗೆ 43 ಅಡಿ ಮಾತ್ರ. ಗಂಟೆಗೆ 80 ಕಿಲೋಮೀಟರ್ ವೇಗದ ಚೆಂಡು ಅರ್ಧ ಸೆಕೆಂಡಿನಲ್ಲಿ ಬಂದು ಮುಟ್ಟುತ್ತದೆ. ಆ ಚೆಂಡು ಬಾಗುವ ಅಥವಾ ಇಳಿಯುವ ಮೊದಲೇ ಮುಂದೆ ಹೋಗಿ ಅದನ್ನು ಎದುರಿಸಲು ಮಿತಿಯೇ ಇಲ್ಲದಿದ್ದರೆ ಪಿಚರ್ ಕಲಿತ ಅರ್ಧ ವಿದ್ಯೆ ವ್ಯರ್ಥ. ಬಾಕ್ಸ್ ಇರುವುದು ಈ ಇಬ್ಬರ ನಡುವೆ ನ್ಯಾಯ ಉಳಿಸಲು.

ನಿಮ್ಮ ಪತ್ರದಲ್ಲಿ ಇಲ್ಲದ, ಆದರೆ ನನಗೆ ಕಳವಳ ತರುವ ಒಂದು ಸಂಗತಿ ಇದೆ. ಅಂದಿನ ಬಾಕ್ಸನ್ನು ಅಳೆದು ಎಳೆದಿದ್ದರೇ? ಜಿಲ್ಲೆ, ತಾಲ್ಲೂಕು ಮಟ್ಟದ ಮೈದಾನಗಳಲ್ಲಿ ನಾನು ಕಂಡ ತಪ್ಪುಗಳಲ್ಲಿ ಅರ್ಧದಷ್ಟು ಪಂದ್ಯ ಶುರುವಾಗುವ ಮೊದಲೇ ಆಗಿಹೋಗಿರುತ್ತವೆ. ಸಾಫ್ಟ್‌ಬಾಲ್ ಬಾಕ್ಸ್ 3 ಅಡಿ ಅಗಲ, 7 ಅಡಿ ಉದ್ದ. ಬೇಸ್‌ಬಾಲ್‌ನದು 4 ಅಡಿ ಅಗಲ, 6 ಅಡಿ ಉದ್ದ. ಎರಡನ್ನೂ ಒಂದೇ ಅಚ್ಚಿನಲ್ಲಿ ಎಳೆದುಬಿಡುವವರಿದ್ದಾರೆ. ಸ್ಲ್ಯಾಪ್ ಹೊಡೆಯುವವಳಿಗೆ ಒಂದಡಿ ಉದ್ದ ಕಡಿಮೆಯಾದರೆ ಗತಿಯೇನು?

ಅದಕ್ಕಿಂತ ಸೂಕ್ಷ್ಮವಾದ ತಪ್ಪು ಇನ್ನೊಂದಿದೆ. ಬಾಕ್ಸ್‌ನ ಉದ್ದವನ್ನು ಅಳೆಯಬೇಕಾದದ್ದು ಹೋಂ ಪ್ಲೇಟಿನ ನಡುಮಧ್ಯದಿಂದ: ಮುಂದಕ್ಕೆ 4 ಅಡಿ, ಹಿಂದಕ್ಕೆ 3 ಅಡಿ. ಪ್ಲೇಟಿನ ಅಗಲ 17 ಇಂಚು, ಅಕ್ಕಪಕ್ಕದ ನೇರ ಅಂಚುಗಳು ಎಂಟೂವರೆ ಇಂಚು. ಆ ನೇರ ಅಂಚು ಮುಗಿದು ತುದಿಯ ಕಡೆಗೆ ಓರೆಯಾಗುವ ಎರಡು ಮೂಲೆಗಳಿವೆಯಲ್ಲ, ಅವನ್ನು ಜೋಡಿಸುವ ರೇಖೆಯೇ ನಡುಮಧ್ಯ. ಅಲ್ಲಿಂದ ಲೆಕ್ಕ ಹಾಕಿದರೆ ಮುಂದಿನ ಗೆರೆಯ ಹೊರ ಅಂಚು ಪ್ಲೇಟಿನ ಮುಂದಿನ ಅಂಚಿನಿಂದ ಸುಮಾರು ಒಂದು ಮೀಟರ್ ದೂರದಲ್ಲಿ ಬೀಳುತ್ತದೆ. ಹಿಂದಿನ ಗೆರೆ ಪ್ಲೇಟಿನ ತುದಿಯಿಂದ 70 ಸೆಂಟಿಮೀಟರ್ ಹಿಂದೆ. ಒಳಗೆರೆಗೂ ಪ್ಲೇಟಿಗೂ ನಡುವೆ 6 ಇಂಚು ಅಂತರ. ಬಾಕ್ಸನ್ನು ಪ್ಲೇಟಿನ ಎರಡೂ ಬದಿಗೆ ಸಮನಾಗಿ ಹಂಚಿ, ಮುಂದೆ ಮೂರೂವರೆ, ಹಿಂದೆ ಮೂರೂವರೆ ಎಂದು ಎಳೆದಿದ್ದನ್ನು ನಾನೇ ಅಳಿಸಿ ಮತ್ತೆ ಎಳೆಸಿದ್ದೇನೆ. ಹಾಗೆ ಎಳೆದ ಬಾಕ್ಸ್‌ನಲ್ಲಿ ನಿಮ್ಮ ಹುಡುಗಿ ಆಡಿದ್ದರೆ ಅವಳು ಅರ್ಧ ಅಡಿ ನೆಲವನ್ನು ಪಂದ್ಯಕ್ಕೆ ಮೊದಲೇ ಕಳೆದುಕೊಂಡಿದ್ದಳು. ಪಂದ್ಯಕ್ಕೆ ಮುಂಚೆ ಟೇಪ್ ಹಿಡಿದು ನೋಡಿ, ತಪ್ಪಿದ್ದರೆ ಅಂಪೈರ್ ಗಮನಕ್ಕೆ ತನ್ನಿ. ಟೇಪ್ ಇಲ್ಲದಿದ್ದರೆ ಬ್ಯಾಟೇ ಸಾಕು. ಸಾಫ್ಟ್‌ಬಾಲ್ ಬ್ಯಾಟಿನ ಗರಿಷ್ಠ ಉದ್ದ 34 ಇಂಚು, ಅದನ್ನು ಅಡ್ಡಲಾಗಿ ಇಟ್ಟರೆ ಬಾಕ್ಸ್‌ನ ಅಗಲಕ್ಕಿಂತ ಎರಡು ಇಂಚು ಮಾತ್ರ ಕಡಿಮೆ.

ಗೆರೆಗೆ ಸುಣ್ಣ ಬಳಸುತ್ತೀರಾದರೆ ದಯವಿಟ್ಟು ನಿಲ್ಲಿಸಿ. ಸುಟ್ಟ ಸುಣ್ಣದ ಪುಡಿ ಕಣ್ಣಿಗೆ ಬಿದ್ದರೆ ಕಣ್ಣನ್ನೇ ಸುಡುತ್ತದೆ. ಬ್ಯಾಟರ್ ಹಿಂದೆ ಚೆಂಡು ಹಿಡಿಯುವ ಕ್ಯಾಚರ್ ಇಡೀ ಪಂದ್ಯದುದ್ದಕ್ಕೂ ಅದರ ಮೇಲೆಯೇ ಕುಕ್ಕರುಗಾಲಲ್ಲಿ ಕೂತಿರುತ್ತಾಳೆ. ಚಾಕ್ ಪುಡಿ ಸಾಕು.

ಈಗ ಅಂಪೈರ್ ಕಡೆಯಿಂದ ಒಂದಿಷ್ಟು ಹೇಳಬೇಕು. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಪ್ಲೇಟಿನ ಹಿಂದೆ ನಿಂತವನು ನಾನು. ಕ್ಯಾಚರ್ ಹೆಗಲ ಮೇಲಿಂದ ನಮ್ಮ ಕಣ್ಣು ಚೆಂಡನ್ನು ಹಿಡಿದಿರುತ್ತದೆ, ಏಕೆಂದರೆ ಸ್ಟ್ರೈಕೋ ಬಾಲೋ ಎಂದು ಹೇಳುವುದು ಮೊದಲ ಕೆಲಸ. ಮುಂದಿನ ಗೆರೆ ನಮ್ಮಿಂದ ಅತಿ ದೂರದ ಗೆರೆ, ಬ್ಯಾಟರ್ ದೇಹವೇ ಅದನ್ನು ಮರೆಮಾಡುತ್ತದೆ. ಬ್ಯಾಟಿಗೆ ಚೆಂಡು ತಗುಲಿದ ಸದ್ದು ಕೇಳಿ ಕಣ್ಣು ನೆಲಕ್ಕೆ ಇಳಿಯುವಷ್ಟರಲ್ಲಿ, ಓಡುತ್ತಿರುವ ಹುಡುಗಿಯ ಮುಂದಿನ ಹೆಜ್ಜೆ ಆಗಲೇ ಹೊರಗೆ ಬಿದ್ದಿರುತ್ತದೆ. ನಾವು ಕಾಣುವುದು ಆ ಹೆಜ್ಜೆಯನ್ನು. ನಿಯಮ ಕೇಳುವುದು ಅದರ ಹಿಂದಿನ ಹೆಜ್ಜೆಯನ್ನು.

ನನ್ನ ಮೊದಲ ವರ್ಷಗಳಲ್ಲಿ ಒಬ್ಬ ಬ್ಯಾಟರ್‌ಗೆ ಔಟ್ ಕೊಟ್ಟು, ಅವರ ಕೋಚ್ ಬಂದು ಕೇಳಿದಾಗ ನೆಲದ ಮೇಲಿನ ಹೆಜ್ಜೆ ಗುರುತನ್ನು ತೋರಿಸಿದ್ದೆ. ಗೆರೆಯ ಆಚೆ ಶೂ ಅಚ್ಚು ಸ್ಪಷ್ಟವಾಗಿ ಮೂಡಿತ್ತು. ಅವರು ಕೇಳಿದರು: ‘ಇದು ಎಲ್ಲಿ ಬಿದ್ದಿದೆ ಎಂದು ಕಾಣುತ್ತದೆ ಸರ್, ಯಾವಾಗ ಬಿದ್ದಿತು ಎಂದು ಎಲ್ಲಿ ಬರೆದಿದೆ?’ ನನ್ನಲ್ಲಿ ಉತ್ತರವಿರಲಿಲ್ಲ. ಅಂದಿನಿಂದ ಹೆಜ್ಜೆ ಗುರುತನ್ನು ನಾನು ಸಾಕ್ಷಿಯೆಂದು ಎತ್ತಿದ್ದಿಲ್ಲ. ಚೆಂಡು ತಗುಲುವ ಕ್ಷಣದಲ್ಲೇ ಹೊರಗಿನ ಪಾದವನ್ನು ಕಣ್ಣಾರೆ ಕಂಡಿದ್ದರೆ ಮಾತ್ರ ಔಟ್ ಕೊಡಬೇಕು, ಊಹಿಸಿ ಕೊಡಬಾರದು ಎಂದು ಹೊಸ ಅಂಪೈರ್‌ಗಳಿಗೂ ಹೇಳುತ್ತೇನೆ.

ಬೆರಳಿಗೆ ಬಡಿದ ಚೆಂಡಿನ ಪ್ರಶ್ನೆ ಸುಲಭ. ಕೈ ಬ್ಯಾಟಿನ ಭಾಗವಲ್ಲ, ಕೈ ಬ್ಯಾಟರ್ ದೇಹದ ಭಾಗ. ‘ಕೈ ಬ್ಯಾಟಿನ ಭಾಗ’ ಎಂಬುದು ಮೈದಾನದಿಂದ ಮೈದಾನಕ್ಕೆ ಹಬ್ಬಿದ ಮಾತು, ನಿಯಮಪುಸ್ತಕದಲ್ಲಿ ಹುಡುಕಿದರೂ ಸಿಗುವುದಿಲ್ಲ. ಅಂಪೈರ್ ನೋಡಬೇಕಾದ ಅಂಶಗಳು ಬೇರೆ. ಅವಳು ಬೀಸಿದ್ದರೆ ಸ್ಟ್ರೈಕ್ ಮತ್ತು ಡೆಡ್ ಬಾಲ್, ಬೇಸ್ ಇಲ್ಲ. ಬೀಸದೇ ಇದ್ದರೂ ಚೆಂಡು ಸ್ಟ್ರೈಕ್ ವಲಯದೊಳಗೆ (ಪ್ಲೇಟಿನ ಮೇಲೆ, ಹೊಡೆಯಬಹುದಾದ ಎತ್ತರದಲ್ಲಿ) ಕೈಗೆ ಬಡಿದಿದ್ದರೆ ಆಗಲೂ ಸ್ಟ್ರೈಕ್. ಬೇಕೆಂದೇ ಮೈಯೊಡ್ಡಿದಳು ಎಂದು ಕಂಡರೂ ಬೇಸ್ ಸಿಗದು. ಇವು ಯಾವುವೂ ಅಲ್ಲದೆ, ಬಾಕ್ಸ್‌ನೊಳಗೆ ನಿಂತಿದ್ದವಳ ಬೆರಳಿಗೆ ಚೆಂಡು ಬಡಿದಿದ್ದರೆ ಮೊದಲ ಬೇಸ್ ಅವಳದು. ನೀವು ಬರೆದಂತೆ ಅವಳು ಬೀಸದೆ ನಿಂತಿದ್ದು, ಚೆಂಡು ವಲಯದ ಹೊರಗಿದ್ದರೆ ಅವಳಿಗೆ ಅನ್ಯಾಯವಾಗಿದೆ.

ತಾನೇ ಹೊಡೆದ ಚೆಂಡು ಪುಟಿದು ಕಾಲಿಗೆ ಬಡಿಯುವುದೂ ಬಂಟ್ ಮಾಡುವವರಿಗೆ ಆಗಾಗ ಎದುರಾಗುತ್ತದೆ. ಅವಳು ಇನ್ನೂ ಬಾಕ್ಸ್‌ನಲ್ಲಿದ್ದರೆ ಅದು ಫೌಲ್. ಬಾಕ್ಸ್ ಬಿಟ್ಟು ಫೇರ್ ನೆಲದಲ್ಲಿ, ಅಂದರೆ ಆಟದ ಗಡಿಗೆರೆಗಳ ಒಳಗೆ, ಓಡುತ್ತಿರುವಾಗ ಬಡಿದರೆ ಔಟ್. ಹೋಂ ಪ್ಲೇಟ್ ಫೌಲ್ ನೆಲ ಎಂದು ಹಲವರು ನಂಬಿದ್ದಾರೆ. ಅದು ತಪ್ಪು, ಪ್ಲೇಟ್ ಇರುವುದು ಫೇರ್ ನೆಲದಲ್ಲಿ. ಅದರ ಮೇಲೆ ಬಿದ್ದು ನಿಂತ ಚೆಂಡು ಫೇರ್ ಚೆಂಡು.

ಇನ್ನು ನೀವೇನು ಮಾಡಬಹುದು ಎಂಬ ಪ್ರಶ್ನೆ.

ಮುಗಿದ ಪಂದ್ಯದ ಫಲಿತಾಂಶ ಈಗ ತಿರುಗಿ ಬರುವುದಿಲ್ಲ, ಅದನ್ನು ನೇರವಾಗಿಯೇ ಹೇಳಿಬಿಡುತ್ತೇನೆ. ಪ್ರೊಟೆಸ್ಟ್‌ಗೆ ಸಮಯದ ಕಟ್ಟು ಬಹಳ ಬಿಗಿ. ಆಟದ ನಡುವೆಯಾದರೆ ಮುಂದಿನ ಪಿಚ್‌ಗೆ ಮೊದಲೇ ಪ್ಲೇಟ್ ಅಂಪೈರ್‌ಗೆ ತಿಳಿಸಬೇಕು. ಇನ್ನಿಂಗ್ಸ್‌ನ ಕೊನೆಯ ಔಟ್ ಆಗಿದ್ದರೆ ಇನ್‌ಫೀಲ್ಡ್ (ಬೇಸ್‌ಗಳ ಬಳಿಯ) ಆಟಗಾರ್ತಿಯರು ಫೇರ್ ನೆಲ ಬಿಟ್ಟು ಹೋಗುವುದರೊಳಗೆ. ಪಂದ್ಯದ ಕೊನೆಯ ಔಟ್ ಆಗಿದ್ದರೆ ಅಂಪೈರ್‌ಗಳು ಮೈದಾನ ಬಿಟ್ಟು ಹೋಗುವುದರೊಳಗೆ. ನಿಮ್ಮದು ಅಂಥ ಔಟ್. ಎದುರಾಳಿಗಳು ಕುಣಿಯುತ್ತಿದ್ದು ಅಂಪೈರ್‌ಗಳು ಇನ್ನೂ ಮೈದಾನದಲ್ಲಿದ್ದ ಆ ಸ್ವಲ್ಪ ಹೊತ್ತಿನಲ್ಲಿ ನೀವು ನಡೆದು ಹೋಗಿ ಮಾತಾಡಬೇಕಾಗಿತ್ತು.

ಮಾತಾಡಬೇಕಾದದ್ದಾದರೂ ಏನು? ‘ಅವಳ ಕಾಲು ಒಳಗಿತ್ತು’ ಎಂದರೆ ಪ್ರೊಟೆಸ್ಟ್ ಅಲ್ಲಿಗೇ ಬಿದ್ದುಹೋಗುತ್ತದೆ. ಕಾಲು ಎಲ್ಲಿತ್ತು ಎಂಬುದು ಅಂಪೈರ್ ಕಣ್ಣಿನ ತೀರ್ಮಾನ, ಅದನ್ನು ಪ್ರಶ್ನಿಸುವ ಅವಕಾಶ ನಿಯಮದಲ್ಲಿಲ್ಲ. ಶಾಲಾ ಪಂದ್ಯಗಳಲ್ಲಿ ಮೊಬೈಲ್ ವೀಡಿಯೊ ತೋರಿಸಿ ಅದನ್ನು ಬದಲಿಸುವ ವ್ಯವಸ್ಥೆಯೂ ಇಲ್ಲ. ಪ್ರಶ್ನಿಸಬಹುದಾದದ್ದು ನಿಯಮವನ್ನು ತಪ್ಪಾಗಿ ಅನ್ವಯಿಸಿದ್ದನ್ನು. ಆದ್ದರಿಂದ ಹೋಗಿ ಒಂದೇ ಪ್ರಶ್ನೆ ಕೇಳಬೇಕು: ‘ಸರ್, ಅವಳ ಪಾದ ಯಾವ ಸ್ಥಿತಿಯಲ್ಲಿತ್ತೆಂದು ಔಟ್ ಕೊಟ್ಟಿರಿ?’ ಉತ್ತರ ‘ಪೂರ್ತಿ ಹೊರಗಿತ್ತು’ ಎಂದಾದರೆ ಸುಮ್ಮನೆ ಮರಳಿ ಬನ್ನಿ. ‘ಗೆರೆಯ ಮೇಲಿತ್ತು’ ಎಂದಾದರೆ ಅದು ನಿಯಮದ ತಪ್ಪು, ಆ ಕ್ಷಣದಲ್ಲೇ ಪ್ರೊಟೆಸ್ಟ್ ದಾಖಲಿಸಿ. ಕೈ ಬ್ಯಾಟಿನ ಭಾಗ ಎಂದಾಗಲೂ ಹೀಗೆಯೇ ಮಾಡಬಹುದಿತ್ತು, ಅದು ಇನ್ನೂ ಸ್ಪಷ್ಟವಾದ ನಿಯಮದ ತಪ್ಪು.

ಇದರಲ್ಲಿ ಅಪಾಯವಿಲ್ಲವೆಂದಲ್ಲ. ಪ್ರತಿ ತೀರ್ಪಿಗೂ ಹೀಗೆ ಹೋಗುವ ಕೋಚ್‌ನ ಮಾತಿಗೆ ಬೆಲೆ ಇಳಿಯುತ್ತದೆ. ಜೋರು ದನಿಯಲ್ಲಿ ಕೇಳಿದರೆ ಅಂಪೈರ್ ತಾನು ಆಡಿದ ಮಾತನ್ನೇ ಬದಲಿಸಿ ‘ಪೂರ್ತಿ ಹೊರಗಿತ್ತು’ ಎಂದುಬಿಡುವ ಸಾಧ್ಯತೆಯೂ ಇದೆ, ಅದನ್ನು ನಾನು ಕಂಡಿದ್ದೇನೆ. ಮೆಲುದನಿಯಲ್ಲಿ, ಇನ್ನೊಬ್ಬ ಅಂಪೈರ್ ಕೇಳಿಸಿಕೊಳ್ಳುವಷ್ಟು ಹತ್ತಿರದಲ್ಲಿ ಕೇಳುವುದು ಒಳ್ಳೆಯದು. ಸದ್ಯಕ್ಕೆ, ಗೆರೆಯ ವಿಷಯವನ್ನೂ ಬೆರಳಿನ ವಿಷಯವನ್ನೂ ಬರೆದು, ನಿಯಮದ ಸ್ಪಷ್ಟನೆ ಕೋರಿ ಪಂದ್ಯಾವಳಿಯ ಸಂಘಟಕರಿಗೆ ಪತ್ರ ಕೊಡಿ. ಫಲಿತಾಂಶ ಬದಲಿಸಿ ಎಂದು ಕೇಳಬೇಡಿ. ಮುಂದಿನ ಅಂಪೈರ್‌ಗಳ ಸಭೆಯಲ್ಲಿ ಈ ಎರಡು ಅಂಶಗಳನ್ನು ಓದಿಸಿ ಎಂದು ಕೇಳಿ. ಅಷ್ಟು ಕೇಳಿದರೆ ಇಲ್ಲವೆನ್ನುವುದು ಕಷ್ಟ.

ಹುಡುಗಿಯ ಆಟದ ಕಡೆಗೂ ನೋಡೋಣ. ತೀರ್ಪು ತಪ್ಪೇ ಆಗಿರಲಿ, ಹಿಮ್ಮಡಿ ಮಾತ್ರ ಗೆರೆಗೆ ಅಂಟಿಕೊಂಡಿರುವ ಹೊಡೆತ ಪ್ರತಿ ಸಲವೂ ಯಾರದೋ ಕಣ್ಣಿನ ಮರ್ಜಿಯಲ್ಲಿರುತ್ತದೆ. ಅವಳು ಎಲ್ಲಿಂದ ಹೆಜ್ಜೆ ಶುರು ಮಾಡುತ್ತಾಳೆ? ಬಾಕ್ಸ್‌ನ ನಡುವಿನಿಂದ ಶುರು ಮಾಡಿ ಎರಡು ದೊಡ್ಡ ಹೆಜ್ಜೆ ಇಟ್ಟರೆ ಮುಂದಿನ ಗೆರೆ ದಾಟುವುದು ಖಂಡಿತ. ಹಿಂದಿನ ಗೆರೆಗೆ ಪಾದ ತಾಗಿಸಿ ಶುರು ಮಾಡಿದರೆ 7 ಅಡಿಯೂ ಅವಳದೇ. ಆದರೆ ಹಿಂದೆ ನಿಂತಾಗ ಇಳಿಯುವ ಚೆಂಡು ಪೂರ್ತಿ ಇಳಿದ ಮೇಲೆಯೇ ಸಿಗುತ್ತದೆ. ಕ್ಯಾಚರ್ ಕೈಗವಸಿಗೆ ಬ್ಯಾಟು ತಾಗುವ ಸಂಭವವೂ ಹೆಚ್ಚು. ಅದು ಕ್ಯಾಚರ್ ಒಡ್ಡಿದ ಅಡ್ಡಿಯೆಂದೇ ಲೆಕ್ಕ, ಬ್ಯಾಟರ್‌ಗೆ ಮೊದಲ ಬೇಸ್ ಸಿಗುತ್ತದೆ. ಆದರೆ ಮಗುವಿನ ಕೈಬೆರಳು ಮುರಿದರೆ ಅದಕ್ಕೆ ಯಾವ ಬೇಸ್ ಪರಿಹಾರ? ಕ್ಯಾಚರ್ ತೀರಾ ಹತ್ತಿರವಿದ್ದರೆ ಮೊದಲೇ ಅಂಪೈರ್ ಗಮನಕ್ಕೆ ತರಲು ಅವಳಿಗೆ ಕಲಿಸಿ. ಮುಂದೆಯೇ ನಿಂತು ಹೆಜ್ಜೆ ಚಿಕ್ಕದು ಮಾಡುವುದು ಇನ್ನೊಂದು ದಾರಿ. ಚೆಂಡು ಬಾಗುವ ಮೊದಲೇ ಸಿಗುತ್ತದೆ, ಆದರೆ ಓಟದ ವೇಗ ತಗ್ಗುತ್ತದೆ, ಗೆರೆಯ ಭಯ ಉಳಿದೇ ಇರುತ್ತದೆ. ನನ್ನ ಅನುಭವದಲ್ಲಿ ಶಾಲಾ ಮಟ್ಟದವರಿಗೆ ಹಿಂದಿನಿಂದ ಶುರು ಮಾಡುವುದೇ ಒಳಿತು. ಈ ವಯಸ್ಸಿನ ಪಿಚರ್‌ಗಳಲ್ಲಿ ತೀಕ್ಷ್ಣವಾಗಿ ಇಳಿಸುವವರು ಕಡಿಮೆ.

ಮುಂದಿನ ಗೆರೆಯಷ್ಟೇ ಎಚ್ಚರ ಒಳಗೆರೆಯ ಬಗ್ಗೆಯೂ ಬೇಕು. ಎಡಬದಿಯವಳ ಹಿಂಗಾಲು ಅಡ್ಡ ದಾಟಿ ಮುಂದೆ ಬರುವುದು ಪ್ಲೇಟಿನ ಬದಿಯಿಂದಲೇ. ಹೊರಗಿನ ಚೆಂಡನ್ನು ಅಟ್ಟಿಸಿಕೊಂಡು ಹೋದಾಗ ಆ ಪಾದ ಗೆರೆಗೂ ಪ್ಲೇಟಿಗೂ ನಡುವಿನ 6 ಇಂಚಿನ ಸಂದಿಯಲ್ಲಿ ಬೀಳಬಹುದು. ಹುಡುಗಿಯರ ಶೂವಿನ ಅಗಲ 6 ಇಂಚಿಗಿಂತ ಕಡಿಮೆ. ಬೆರಳು ಪಿಚರ್ ಕಡೆಗೆ ಮುಖ ಮಾಡಿದ್ದರೆ ಇಡೀ ಪಾದ ಆ ಸಂದಿಯಲ್ಲಿ ಕೂತುಬಿಡುತ್ತದೆ. ಪ್ಲೇಟ್ ಮುಟ್ಟದಿದ್ದರೂ ಔಟ್. ಇದನ್ನು ಪ್ಲೇಟ್ ಅಂಪೈರ್ ಚೆನ್ನಾಗಿಯೇ ಕಾಣಬಲ್ಲರು. ಹೆಜ್ಜೆ ಪಿಚರ್ ಕಡೆಗೆ ನೇರವಾಗಿರಲಿ, ಹೊರಗಿನ ಚೆಂಡಿಗೆ ಕೈ ಚಾಚಲಿ, ಕಾಲು ಚಾಚುವುದು ಬೇಡ.

ಅಭ್ಯಾಸದಲ್ಲಿ ಬಾಕ್ಸ್ ಎಳೆದು, ಮೊಬೈಲನ್ನು ಮುಂದಿನ ಗೆರೆಯ ನೇರಕ್ಕೆ ಮೈದಾನದ ಬದಿಯಲ್ಲಿ, ಮೊಣಕಾಲಿನ ಎತ್ತರದಲ್ಲಿ ಇಟ್ಟು ನಿಧಾನಗತಿಯ ವೀಡಿಯೊ ತೆಗೆಯಿರಿ. ಚೆಂಡು ಬಡಿಯದಷ್ಟು ದೂರವಿರಲಿ. ಬ್ಯಾಟು ಚೆಂಡಿಗೆ ತಗುಲಿದ ಚಿತ್ರದಲ್ಲಿ ನಿಲ್ಲಿಸಿ ಪಾದವನ್ನು ಅವಳಿಗೇ ತೋರಿಸಿ. ಮಾತಿನಲ್ಲಿ ಹತ್ತು ಸಲ ಹೇಳಿದ್ದಕ್ಕಿಂತ ಒಂದು ಸಲ ಕಂಡದ್ದು ಉಳಿಯುತ್ತದೆ. ಗೆರೆಯ ಜಾಗದಲ್ಲಿ ಹಗ್ಗವನ್ನಾಗಲಿ ಕೋಲನ್ನಾಗಲಿ ಇಡಬೇಡಿ, ಓಡುವವಳ ಪಾದ ಹೊರಳುತ್ತದೆ.

ಗೆರೆಯನ್ನು ಉಜ್ಜಿ ಅಳಿಸುವ ಸಲಹೆಯನ್ನು ಮಾತ್ರ ಕಿವಿಗೆ ಹಾಕಿಕೊಳ್ಳಬೇಡಿ. ಆಡುತ್ತ ಆಡುತ್ತ ಗೆರೆ ಮಾಸುವುದು ಸಹಜ, ಬೇಕೆಂದೇ ಅಳಿಸುವುದು ಮೋಸ. ಅಮೆರಿಕದ ನಿಯಮಾವಳಿಯಲ್ಲಿ ಅದಕ್ಕೆ ಸ್ಟ್ರೈಕ್ ದಂಡವಿದೆ. ಅದಿರಲಿ, ಗೆರೆ ಅಳಿಸಿದರೆ ಬಾಕ್ಸ್ ಅಳಿಯುವುದಿಲ್ಲ. ಪ್ಲೇಟಿನಿಂದ ಅಳತೆ ಹಿಡಿದು ಅಂಪೈರ್ ತೀರ್ಪು ಕೊಡುತ್ತಾರೆ. ಗೆರೆಯೇ ಇಲ್ಲದಾಗ ‘ಹಿಮ್ಮಡಿ ಗೆರೆಯ ಮೇಲಿತ್ತು’ ಎಂದು ವಾದಿಸಲು ನಿಮ್ಮ ಹುಡುಗಿಗೆ ಉಳಿಯುವುದೇನು? ಸ್ಪಷ್ಟವಾದ ಗೆರೆ ಅವಳ ಪರವಾಗಿರುವ ಸಾಕ್ಷಿ. ಮಾಸಿದ್ದರೆ ಇನ್ನಿಂಗ್ಸ್‌ಗಳ ನಡುವೆ ಮತ್ತೆ ಎಳೆಸಿ ಎಂದು ಕೇಳುವವರು ನೀವೇ ಆಗಿರಬೇಕು.

ಅವಳನ್ನು ಬಲಬದಿಗೆ ಬದಲಿಸಬೇಡಿ. ಎಡಬದಿಯಲ್ಲಿ ಓಡುತ್ತ ತಟ್ಟುವ ಕೈಚಳಕ ಎಲ್ಲರಿಗೂ ಬರುವಂಥದ್ದಲ್ಲ. ಅಮೆರಿಕದ ನತಾಶಾ ವಾಟ್ಲಿ ಇದೇ ಹೊಡೆತಕ್ಕೆ ಹೆಸರಾಗಿ 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ತಂಡದಲ್ಲಿದ್ದರು. 2008ರಲ್ಲಿ ಬೀಜಿಂಗ್‌ನಲ್ಲಿ, ಮತ್ತೆ 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಅಮೆರಿಕವನ್ನೇ ಸೋಲಿಸಿ ಚಿನ್ನ ಗೆದ್ದ ಜಪಾನ್ ತಂಡಗಳಲ್ಲಿ ಎಡಬದಿಯಿಂದ ಆಡುವ ವೇಗದ ಓಟಗಾರ್ತಿಯರಿದ್ದರು. ಹದಿನೈದು ಹದಿನಾರರ ವಯಸ್ಸಿನಲ್ಲಿ ಕೈಗೂಡಿದ ವಿದ್ಯೆಯನ್ನು ಒಂದು ತೀರ್ಪಿಗಾಗಿ ಬಿಡಿಸಿದರೆ, ತಪ್ಪು ತನ್ನ ಕಾಲಿನದೇ ಎಂದು ಅವಳು ನಂಬಿಬಿಡುತ್ತಾಳೆ.

ಈ ವಾರ ಅವಳ ಮನೆಗೆ ಹೋಗಿ ಬನ್ನಿ. ಪಂದ್ಯದ ಮಾತು ಬೇಡ. ನಿಯಮವನ್ನು ಕನ್ನಡದಲ್ಲಿ ಎರಡು ಸಾಲು ಬರೆದು ಕೊಡಿ: ಚೆಂಡು ತಗುಲುವಾಗ ಇಡೀ ಪಾದ ಗೆರೆಯ ಆಚೆ ನೆಲ ಮುಟ್ಟಿದ್ದರೆ ಮಾತ್ರ ಔಟ್; ಗೆರೆ ನಿನ್ನದು. ಆಮೇಲೆ ಮರುದಿನದ ಅಭ್ಯಾಸಕ್ಕೆ ಟೇಪನ್ನೂ ಚಾಕ್ ಪುಡಿಯನ್ನೂ ಅವಳ ಕೈಗೇ ಕೊಟ್ಟು, ಪ್ಲೇಟಿನ ನಡುವಿನಿಂದ ಮುಂದಕ್ಕೆ 4, ಹಿಂದಕ್ಕೆ 3 ಅಳೆದು ತಂಡದ ಬಾಕ್ಸನ್ನು ಅವಳೇ ಎಳೆಯಲಿ.